ಇಗರ್ಜಿ, ಚರ್ಚು, ದೇವಾಲಯ: ಕ್ಯಾಥೊಲಿಕ್ ಪೂಜಾಮಂದಿರಗಳ ಆಧ್ಯಾತ್ಮಿಕಾರ್ಥ ವಿಚಾರ

ಕ್ಯಾಥೊಲಿಕ್ ಕ್ರೈಸ್ತರ ಪೂಜಾಮಂದಿರಕ್ಕೆ ಕನ್ನಡ ನಾಡಿನಲ್ಲಿ ಮೂರು ಹೆಸರುಗಳು ರೂಢಿಯಲ್ಲಿವೆ. ಕರಾವಳಿಯವರು ಅದನ್ನು ‘ಇಗರ್ಜಿ’ ಎನ್ನುವರು. ಬಳ್ಳಾರಿಯಂತಹ ಪಟ್ಟಣಗಳ ಜನಸಾಮಾನ್ಯರು ‘ಚರ್ಚು’ ಎನ್ನುವರು. ಆ ಮತದವರೇ ತಮ್ಮ ಕನ್ನಡ ಪ್ರಾರ್ಥನಾಗ್ರಂಥಗಳಲ್ಲಿ ‘ದೇವಾಲಯ’ ಎಂದು ಬರೆಯುವರು. ಒಂದು ವಸ್ತುವಿಗೆ ಮೂರು ಹೆಸರುಗಳಿದ್ದರೆ ಅವನ್ನು ಪರ್ಯಾಯಪದಗಳೆಂದು ತಿಳಿದು ಮುಂದೆ ಸಾಗುವುದು ವಾಡಿಕೆ. ಆದರೆ ಈ ಮೂರರ ವ್ಯುತ್ಪತ್ತಿಯನ್ನು ಪರಿಶೀಲಿಸಿದಲ್ಲಿ ಅವು ಪರ್ಯಾಯಗಳಲ್ಲವೆಂದೂ, ಒಂದು ಹಳೆಯ ತತ್ತ್ವವಿವಾದದ ಎರಡು ಪಕ್ಷಗಳು ಈ ಹೆಸರುಗಳಲ್ಲಿ ಅಡಗಿವೆಯೆಂದೂ ತಿಳಿದುಬರುವುದು.

ಇಗರ್ಜಿ ಎಂಬುದು ಪೋರ್ಚುಗೀಜರ ‘ಇಗ್ರೇಜ’ ಶಬ್ದದ ತದ್ಭವ. ಆ ಶಬ್ದಕ್ಕೆ ಮೂಲವು ಲ್ಯಾಟಿನ್ನಿನ ‘ಎಕ್ಲೇಸಿಯ’; ಅದಕ್ಕೂ ಮೂಲವು ಗ್ರೀಕರ ‘ಎಕ್ಕ್ಲೇಸಿಯಾ’. ಗ್ರೀಕ್ ನಗರಗಳಲ್ಲಿ ಪೌರರನ್ನು ಅವರವರ ಮನೆಗಳಿಂದ ಹೊರಕ್ಕೆ ಕರೆದು ಕೂಡಿಸುತ್ತಿದ್ದ ಸಭೆಗೆ ಈ ಹೆಸರಿತ್ತು. ‘ಎಕ್’ ಎಂದರೆ ಹೊರಕ್ಕೆ. ಉಳಿದ ಭಾಗವು ಕರೆಯುವುದೆಂಬ ಅರ್ಥದ ಧಾತುವಿನಿಂದ ಬಂದುದು. ಆದುದರಿಂದ ಇಗರ್ಜಿಯೆಂಬ ಶಬ್ದದ ಮೂಲಾರ್ಥದಲ್ಲಿ ಗೋಡೆಯೂ ಇಲ್ಲ, ಛಾವಣಿಯೂ ಇಲ್ಲ. ಕರೆಗೆ ಓಗೊಟ್ಟು ಬಂದ ಜನರು ಮಾತ್ರ ಇದ್ದಾರೆ. ಚರ್ಚು ಎಂಬುದರ ಹುಟ್ಟು ಬೇರೆ. ಗ್ರೀಕಿನಲ್ಲಿ ‘ಕೂರಿಯೋಸ್’ ಎಂದರೆ ಒಡೆಯ; ‘ಕೂರಿಯಕೋನ್’ ಎಂದರೆ ಒಡೆಯನಿಗೆ ಸೇರಿದುದು, ಒಡೆಯನ ಮನೆ. ಇದೇ ಶಬ್ದವು ಉತ್ತರ ಯುರೋಪಿನ ಭಾಷೆಗಳಲ್ಲಿ ಹಾದು ಇಂಗ್ಲಿಷಿನಲ್ಲಿ ‘ಚರ್ಚ್’ ಆಯಿತು. ಹೀಗಿರುವಾಗ ದೇವಾಲಯವೆಂಬ ನಮ್ಮ ಮಾತು ಚರ್ಚು ಶಬ್ದಕ್ಕೆ ಹೆಚ್ಚು ಕಡಮೆ ಅಕ್ಷರಶಃ ಸಮಾನವಾಗುವುದೇ ಹೊರತು ಇಗರ್ಜಿ ಶಬ್ದಕ್ಕೆ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಜನಸಮುದಾಯಕ್ಕೂ ಕಟ್ಟಡಕ್ಕೂ ಒಂದೇ ಹೆಸರು, ಲ್ಯಾಟಿನ್ನಿನಲ್ಲಿಯೂ ಹಾಗೆಯೇ. ಕನ್ನಡದ ಕ್ಯಾಥೊಲಿಕ್ ಲೇಖಕರಾದರೋ ಸಮುದಾಯವನ್ನು ‘ಧರ್ಮಸಭೆ’ ಎಂದೂ ಕಟ್ಟಡವನ್ನು ‘ದೇವಾಲಯ’ ಎಂದೂ ಬೇರ್ಪಡಿಸಿದರು. ಯುರೋಪಿನ ಎರಡು ದೊಡ್ಡ ಭಾಷೆಗಳು ಕಲಸಿಬಿಟ್ಟ ಅರ್ಥಗಳನ್ನು ಕನ್ನಡವು ಬಿಡಿಸಿ ಹೇಳಿತೆಂಬುದು ಭಾಷಾಭಿಮಾನಿಗಳು ಗಮನಿಸತಕ್ಕ ಸಂಗತಿ.

ಹಾಗಾದರೆ ಈ ಕಟ್ಟಡವು ಯಾರ ಮನೆ? ಕೂಡುವ ಜನರದೋ, ಜನರು ಕೂಡದಿದ್ದಾಗಲೂ ಅಲ್ಲಿರುವ ದೇವನದೋ? ಇದು ಕೇವಲ ಶಬ್ದಚರ್ಚೆಯಲ್ಲ. ಜನರು ಊರು ಬಿಟ್ಟು ಹೋದ ಮೇಲೆ ಉಳಿದ ಗೋಡೆಗಳನ್ನು ಏನೆಂದು ಕರೆಯಬೇಕೆಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಸ್ಥಾವರ ದೊಡ್ಡದೋ ಜಂಗಮ ದೊಡ್ಡದೋ ಎಂಬ ವಾದವು ಹಲವು ಶತಮಾನಗಳ ಕಾಲ ನಡೆದ ಸೀಮೆಯಾದುದರಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸುತ್ತಲಿನ ನೆಲವು ಈ ವಿಚಾರಕ್ಕೆ ತಕ್ಕ ಪೀಠಿಕೆಯಾಗುವುದು.

ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆಯ ಬಳಿಯ ನಿಟ್ಟೂರಿನಲ್ಲಿ ಅಶೋಕನ ಲಘುಶಿಲಾಶಾಸನವಿದೆ. ಕ್ರಿಸ್ತಪೂರ್ವ ೩ನೆಯ ಶತಮಾನದ ಆ ಶಾಸನವರ್ಗದಲ್ಲಿ ಅರಸನು ತಾನು ಉಪಾಸಕನಾದ ಬಗೆಯನ್ನು ಹೇಳುವಾಗ ತಾನು ‘ಸಂಘ’ವನ್ನು ಸಾರಿದೆನೆಂದು ಹೇಳುತ್ತಾನೆ, ಯಾವ ಮಂದಿರವನ್ನೂ ಹೆಸರಿಸುವುದಿಲ್ಲ. ಈ ಸೀಮೆಯಲ್ಲಿ ಧರ್ಮವನ್ನು ಕುರಿತು ಬರೆಹಕ್ಕಿಳಿದ ಅತ್ಯಂತ ಹಳೆಯ ಮಾತುಗಳು ಹಾಸುಬಂಡೆಯ ಮೇಲಿವೆ, ಅವುಗಳಲ್ಲಿ ಬರುವುದು ಸಭೆಯೇ ಹೊರತು ಆಲಯವಲ್ಲ. ಇನ್ನು ಕುರುಗೋಡಿಗೆ ಬಂದರೆ ಚಿತ್ರವು ಬದಲಾಗುವುದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬಲ್ಲಕುಂದೆನಾಡನ್ನು ಆಳಿದ ಸಿಂದ ಮನೆತನದವರ ರಾಜಧಾನಿ ಅದು. ಗುಡ್ಡದ ಬುಡದಲ್ಲಿ ಗುಡಿಗಳ ಸಾಲೇ ಇದೆ. ಆ ಗುಡಿಗಳೂ ದತ್ತಿಶಾಸನಗಳೂ ೧೨ನೆಯ ಶತಮಾನದ ವೈಭವವನ್ನು ಸಾರುತ್ತವೆ. ಅದೇ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಶರಣರು ಕಲ್ಲಿನ ಗುಡಿಗಿಂತ ನಡೆದಾಡುವ ಭಕ್ತನ ದೇಹವು ಮೇಲೆಂದು ಸಾರಿದರೆಂಬುದನ್ನು ಸಾಹಿತ್ಯಾಧ್ಯಾಪಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಕ್ರೈಸ್ತಧರ್ಮದ ಒಳಗೂ ಇದೇ ಜಿಜ್ಞಾಸೆಯಿದ್ದಿತೆಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ವಿಶ್ವಾಸಿಗಳ ದೇಹವೇ ದೇವನ ಮಂದಿರವೆಂಬ ಬೋಧೆಯು ಸಂತ ಪೌಲನ ಪತ್ರಗಳಲ್ಲಿದೆ. ಮೊದಲ ಮೂರು ಶತಮಾನಗಳಲ್ಲಿ ಕ್ರೈಸ್ತರು ಬಹುಮಟ್ಟಿಗೆ ಮನೆಗಳಲ್ಲಿಯೇ ಕೂಡುತ್ತಿದ್ದರು. ಸಿರಿಯಾ ದೇಶದ ದೂರಾ-ಯೂರೋಪಸ್ ಎಂಬಲ್ಲಿ ೩ನೆಯ ಶತಮಾನದ ಅಂತಹ ಒಂದು ಮನೆಯು ಉತ್ಖನನದಲ್ಲಿ ದೊರೆತಿದೆ. ಹೊರಗಿನಿಂದ ನೋಡಿದರೆ ಅದು ಬೀದಿಯ ಇತರ ಮನೆಗಳಂತೆಯೇ ಇದ್ದಿತು. ೩೧೩ರಲ್ಲಿ ಕಾನ್‌ಸ್ಟಂಟೈನನ ಕಾಲಕ್ಕೆ ಮತಸ್ವಾತಂತ್ರ್ಯ ದೊರೆತು ದೊಡ್ಡ ಮಂದಿರಗಳನ್ನು ಕಟ್ಟುವ ಅವಕಾಶ ಬಂದಾಗ ಅವರು ಆರಿಸಿಕೊಂಡ ಆಕಾರವು ವಿಚಾರಾರ್ಹವಾದುದು. ಕಣ್ಣೆದುರಿಗೆ ಗ್ರೀಕ್ ರೋಮನ್ ದೇವತೆಗಳ ಭವ್ಯವಾದ ಗುಡಿಗಳಿದ್ದುವು. ಆದರೆ ಅಂತಹ ಗುಡಿಯು ನಮ್ಮ ಗರ್ಭಗೃಹದಂತೆ ಮೂರ್ತಿಯ ನಿವಾಸ. ಬಲಿಪೀಠವು ಹೊರಗಿನ ಅಂಗಳದಲ್ಲಿರುತ್ತಿತ್ತು. ಜನಸಮೂಹಕ್ಕೆ ಒಳಗೆ ಎಡೆಯಿರಲಿಲ್ಲ. ಆ ಮಾದರಿಯನ್ನು ಬಿಟ್ಟು ಅವರು ‘ಬೆಸಿಲಿಕ’ ಎಂಬ ಸಾರ್ವಜನಿಕ ಸಭಾಂಗಣದ ಮಾದರಿಯನ್ನು ಹಿಡಿದರು. ನ್ಯಾಯವಿಚಾರಣೆಗೂ ವ್ಯವಹಾರಕ್ಕೂ ಬಳಸುತ್ತಿದ್ದ, ಕಂಬಸಾಲುಗಳ ಉದ್ದನೆಯ ಚಾವಡಿ ಅದು. ನ್ಯಾಯಾಧಿಪತಿಯು ಕುಳಿತುಕೊಳ್ಳುತ್ತಿದ್ದ ಅರ್ಧವೃತ್ತಾಕಾರದ ಕೊನೆಯಲ್ಲಿ ಧರ್ಮಾಧ್ಯಕ್ಷನ ಪೀಠವು ಬಂದಿತು. ಅದರ ಮುಂದೆ ಬಲಿಪೀಠ ಬಂದಿತು. ಉಳಿದ ಎಡೆಯೆಲ್ಲ ಜನರದಾಯಿತು. ಆಕಾರದ ಆಯ್ಕೆಯಲ್ಲಿಯೇ ಸಿದ್ಧಾಂತವಿದ್ದಿತು.

ಆದರೂ ಆ ಚಾವಡಿಯು ಕಾಲಕ್ರಮದಲ್ಲಿ ಆಲಯವಾಯಿತು. ಅದಕ್ಕೆ ಕಾರಣಗಳು ಎರಡು. ಹುತಾತ್ಮರ ಸಮಾಧಿಗಳ ಮೇಲೆ ಬಲಿಪೀಠವನ್ನಿಡುವ ಪದ್ಧತಿಯಿಂದ ಪ್ರತಿಯೊಂದು ಬಲಿಪೀಠದಲ್ಲಿಯೂ ಸಂತರ ಅಸ್ಥಿಶೇಷವನ್ನು ಹುದುಗಿಸುವ ನಿಯಮ ಬೆಳೆದುದು ಒಂದು. ಪೂಜೆಯಲ್ಲಿ ಅರ್ಪಿತವಾದ ರೊಟ್ಟಿಯನ್ನು ರೋಗಿಗಳಿಗಾಗಿ ಕಾದಿರಿಸಿ, ಅದರಲ್ಲಿ ಕ್ರಿಸ್ತನ ಸಾನ್ನಿಧ್ಯವಿದೆಯೆಂಬ ನಂಬಿಕೆಯಿಂದ ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಂದೆ ಆರದ ದೀಪವನ್ನು ಹಚ್ಚಿದುದು ಇನ್ನೊಂದು. ಈ ದೀಪಕ್ಕೂ ನಮ್ಮ ಶಾಸನಗಳಲ್ಲಿ ಎಣ್ಣೆಗಾಗಿ ದತ್ತಿ ಬಿಟ್ಟ ನಂದಾದೀವಿಗೆಗೂ ಹೊರನೋಟದಲ್ಲಿ ಭೇದವಿಲ್ಲ. ಆ ರೊಟ್ಟಿಗೆ ಕನ್ನಡದಲ್ಲಿ ‘ಪರಮಪ್ರಸಾದ’ವೆಂದು ಹೆಸರು. ಇಲ್ಲಿ ‘ಪರಮ’ ಎಂಬ ವಿಶೇಷಣವು ಅಲಂಕಾರಕ್ಕೆ ಬಂದುದಲ್ಲ. ದೇವರಿಗೆ ಅರ್ಪಿಸಿ ಹಿಂದಕ್ಕೆ ಪಡೆದುದು ಪ್ರಸಾದ. ದೇವರೇ ತನ್ನನ್ನು ಕೊಟ್ಟುಕೊಂಡುದು ಪರಮಪ್ರಸಾದ. ಪ್ರಸಾದಕ್ಕೂ ದೇವಮಂದಿರವೆಂಬ ಅರ್ಥದ ಪ್ರಾಸಾದಕ್ಕೂ ಧಾತು ಒಂದೇ, ಭೇದವು ಒಂದು ದೀರ್ಘದ್ದು. ಚಾವಡಿಯನ್ನು ಪ್ರಾಸಾದವಾಗಿ ಮಾಡಿದುದು ಈ ಪ್ರಸಾದವೇ.

ಆಲಯವಾದ ಮೇಲೆ ಅದನ್ನು ದೇಹವೆಂದು ಭಾವಿಸುವ ಕಲ್ಪನೆಯೂ ಬಂದಿತು. ನಮ್ಮ ಶಿಲ್ಪಶಾಸ್ತ್ರದಲ್ಲಿ ಪಾದ, ಗ್ರೀವ, ಶಿಖರ ಮೊದಲಾದ ಅಂಗನಾಮಗಳೇ ಗುಡಿಯು ಪುರುಷಾಕಾರವೆಂಬುದನ್ನು ಹೇಳುತ್ತವೆ. ೧೩ನೆಯ ಶತಮಾನದ ಕೊನೆಯಲ್ಲಿ ಮಂಡ್ ಎಂಬ ಫ್ರೆಂಚ್ ಪಟ್ಟಣದ ಧರ್ಮಾಧ್ಯಕ್ಷನಾಗಿದ್ದ ದುರಾಂದಸ್ ಎಂಬವನು ಕ್ರೈಸ್ತಮಂದಿರದ ಒಂದೊಂದು ಅಂಗಕ್ಕೂ ಅರ್ಥವನ್ನು ಹೇಳುವ ದೊಡ್ಡ ಗ್ರಂಥವನ್ನು ಬರೆದನು. ಅವನ ಮತದಲ್ಲಿಯೂ ಮಂದಿರವು ಮಾನವದೇಹವೇ: ಬಲಿಪೀಠವಿರುವ ಕೊನೆಯು ತಲೆ, ಅಡ್ಡಸಾಲೆಗಳು ಎರಡು ತೋಳುಗಳು, ಜನರು ನಿಲ್ಲುವ ಭಾಗವು ಮುಂಡ. ಗೋಡೆಯ ಕಲ್ಲುಗಳೇ ವಿಶ್ವಾಸಿಗಳು. ಅವನ್ನು ಕೂಡಿಸುವ ಗಾರೆಯೇ ಪ್ರೀತಿ. ಸಾಮ್ಯವು ಗಾಢವಾಗಿದ್ದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ನಮ್ಮ ಗುಡಿಯ ಪುರುಷನು ನೆಟ್ಟಗೆ ನಿಂತಿದ್ದಾನೆ. ಪಾದವು ಕೆಳಗೆ, ಶಿಖರವು ಮೇಲೆ. ಕ್ರೈಸ್ತಮಂದಿರದ ಪುರುಷನು ಕೈಗಳನ್ನು ಚಾಚಿ ನೆಲದ ಮೇಲೆ ಒರಗಿದ್ದಾನೆ. ಜನರು ಸುತ್ತ ನಿಲ್ಲದೆ ಅವನ ಒಡಲಿನೊಳಗೆ ನಿಲ್ಲುತ್ತಾರೆ. ನಮ್ಮ ನಾಡಿನ ಅನೇಕ ಸಣ್ಣ ಇಗರ್ಜಿಗಳು ಅಡ್ಡಸಾಲೆಯಿಲ್ಲದ ನೀಳವಾದ ಅಂಕಣಗಳಷ್ಟೆ. ಆದರೂ ಅರ್ಥವನ್ನು ಓದುವ ಕ್ರಮ ಬೇರೆಯಾಗುವುದಿಲ್ಲ.

ಈ ಅರ್ಥಗಳೆಲ್ಲ ಒಂದೆಡೆ ಕೂಡುವುದು ಪ್ರತಿಷ್ಠಾವಿಧಿಯಲ್ಲಿ. ಹಳೆಯ ರೋಮನ್ ಪದ್ಧತಿಯಂತೆ ಧರ್ಮಾಧ್ಯಕ್ಷನು ಬಾಗಿಲು ಮುಚ್ಚಿದ ಮಂದಿರವನ್ನು ಹೊರಗಿನಿಂದ ಮೂರು ಸಲ ಸುತ್ತಿ ಗೋಡೆಗಳಿಗೆ ತೀರ್ಥವನ್ನು ಪ್ರೋಕ್ಷಿಸುವನು; ಪ್ರತಿಯೊಂದು ಸುತ್ತಿಗೂ ತನ್ನ ದಂಡದಿಂದ ಬಾಗಿಲನ್ನು ತಟ್ಟುವನು; ಮೂರನೆಯ ಸಲ ಬಾಗಿಲು ತೆರೆಯುವುದು. ಒಳಗೆ ನೆಲದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣರೇಖೆಗಳಾಗಿ ಬೂದಿಯನ್ನು ಎರಚಿರುವರು. ಧರ್ಮಾಧ್ಯಕ್ಷನು ದಂಡದ ತುದಿಯಿಂದ ಒಂದು ರೇಖೆಯ ಮೇಲೆ ಗ್ರೀಕ್ ವರ್ಣಮಾಲೆಯನ್ನೂ ಇನ್ನೊಂದರ ಮೇಲೆ ಲ್ಯಾಟಿನ್ ವರ್ಣಮಾಲೆಯನ್ನೂ ಬರೆಯುವನು. ಆಮೇಲೆ ಉಪ್ಪು, ಬೂದಿ, ದ್ರಾಕ್ಷಾರಸಗಳನ್ನು ಬೆರಸಿದ ತೀರ್ಥದಿಂದ ಒಳಗೋಡೆಗಳನ್ನು ಪ್ರೋಕ್ಷಿಸುವನು. ಗೋಡೆಯ ಹನ್ನೆರಡು ಎಡೆಗಳಲ್ಲಿ ಶಿಲುಬೆಯ ಗುರುತಿನ ಮೇಲೆ ಪರಿಮಳತೈಲವನ್ನು ಲೇಪಿಸಿ ಒಂದೊಂದರ ಮುಂದೆಯೂ ದೀಪವಿಡುವರು. ಇವು ಹನ್ನೆರಡು ಮಂದಿ ಪ್ರೇಷಿತರ ಸಂಕೇತ. ಬಲಿಪೀಠದ ಕಲ್ಲಿನ ಕುಳಿಯಲ್ಲಿ ಅಸ್ಥಿಶೇಷವನ್ನಿಟ್ಟು ಮುಚ್ಚಿ, ಅದರ ಮೇಲೆ ಕೊರೆದ ಐದು ಶಿಲುಬೆಗಳ ಮೇಲೆ ಧೂಪವನ್ನು ಸುಡುವರು.

ಆಗಮಗಳನ್ನು ಬಲ್ಲವರಿಗೆ ಇದನ್ನು ಓದುವಾಗ ಮೂರು ವಿಷಯಗಳು ಸ್ಮರಣೆಗೆ ಬರದೆ ಇರಲಾರವು: ನೆಲದ ಮೇಲೆ ರೇಖೆಗಳನ್ನೆಳೆದು ಮಾಡುವ ವಾಸ್ತುಪದವಿನ್ಯಾಸ, ಅಡಿಪಾಯದಲ್ಲಿ ಕರಂಡಕವನ್ನು ಹುದುಗಿಸುವ ಗರ್ಭನ್ಯಾಸ, ವರ್ಣಮಾಲೆಯ ಅಕ್ಷರಗಳನ್ನು ಅಂಗಾಂಗಗಳಲ್ಲಿ ನೆಲೆಗೊಳಿಸುವ ಮಾತೃಕಾನ್ಯಾಸ. ಕರ್ಣರೇಖೆಗಳು ರೋಮನ್ ಭೂಮಾಪಕರ ಕ್ರಮದಿಂದ ಬಂದುವೆಂದೂ, ಹೊಸ ನೆಲವನ್ನು ವಶಪಡಿಸಿಕೊಂಡ ಗುರುತು ಅದೆಂದೂ ಪಾಶ್ಚಾತ್ಯ ವಿದ್ವಾಂಸರಲ್ಲಿ ಕೆಲವರ ಅಭಿಪ್ರಾಯ. ಇಷ್ಟು ಸಾಮ್ಯವನ್ನು ಕಂಡ ಮಾತ್ರದಿಂದಲೇ ಅವರು ನಮ್ಮಿಂದ ಪಡೆದರೆಂದಾಗಲಿ ನಾವು ಅವರಿಂದ ಪಡೆದೆವೆಂದಾಗಲಿ ಸಾಧಿಸಹೊರಡುವುದು ಸಾಹಸವೇ ಸರಿ. ಅಂತಹ ಸಾಹಸಗಳಿಂದ ನಮ್ಮ ಪತ್ರಿಕೆಗಳ ಎಷ್ಟೋ ಪುಟಗಳು ಹಾಳಾಗಿವೆ. ಸಾಮ್ಯಕ್ಕಿಂತಲೂ ಭೇದವೇ ಇಲ್ಲಿ ಹೆಚ್ಚು ಬೋಧಪ್ರದವಾಗಿದೆ. ನಮ್ಮಲ್ಲಿ ಪ್ರಾಣಪ್ರತಿಷ್ಠೆಯು ಮೂರ್ತಿಗೆ. ಅವರಲ್ಲಿ ತೈಲಲೇಪನವು ಗೋಡೆಗಳಿಗೂ ಬಲಿಪೀಠಕ್ಕೂ. ಸಂತರ ಪ್ರತಿಮೆಗಳಿಗೆ ಆಶೀರ್ವಾದವಿದೆ, ಪ್ರತಿಷ್ಠೆಯಿಲ್ಲ. ಇಗರ್ಜಿಯೊಳಗೆ ಹತ್ತು ಪ್ರತಿಮೆಗಳನ್ನು ಕಂಡು ಅವೇ ಅಲ್ಲಿಯ ಮೂಲದೇವತೆಗಳೆಂದು ತಿಳಿಯುವ ಹೊರಗಿನವನು, ಪವಿತ್ರವಾದ ಗೋಡೆಯನ್ನು ಹಿನ್ನೆಲೆಯೆಂದು ಬಗೆದು ಬಿಟ್ಟುಬಿಡುತ್ತಾನೆ. ೧೯೭೭ರ ನೂತನ ವಿಧಿಯಲ್ಲಿ ಅಕ್ಷರಲೇಖನವನ್ನು ಕೈಬಿಟ್ಟರು. ಗೋಡೆಗಳ ಲೇಪನವನ್ನು ಬಿಡಲಿಲ್ಲ, ಹನ್ನೆರಡು ಎಡೆಗಳಲ್ಲಿ ಇಲ್ಲವೆ ನಾಲ್ಕು ಎಡೆಗಳಲ್ಲಿ ಮಾಡಬಹುದೆಂದರು.

ದಿಕ್ಕಿನ ವಿಚಾರವೂ ಹೀಗೆಯೇ. ಪೂರ್ವಾಭಿಮುಖವಾದ ಗುಡಿಯಲ್ಲಿ ಉದಯಸೂರ್ಯನನ್ನು ನೋಡುವವನು ದೇವರು. ಭಕ್ತನು ಪಶ್ಚಿಮಕ್ಕೆ ಮುಖಮಾಡಿ ನಿಲ್ಲುವನು. ಕ್ರೈಸ್ತರ ಹಳೆಯ ಸಂಪ್ರದಾಯದಲ್ಲಿ ಗುರುವೂ ಜನರೂ ಕೂಡಿ ಪೂರ್ವಕ್ಕೆ ಮುಖಮಾಡಿ, ಬರಲಿರುವವನನ್ನು ಇದಿರುನೋಡುವರು. ೧೯೬೨ರಿಂದ ೧೯೬೫ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಗುರುವು ಜನರ ಕಡೆಗೆ ತಿರುಗಿದನು; ಬಲಿಪೀಠವು ಹಿಂಗೋಡೆಯನ್ನು ಬಿಟ್ಟು ಮುಂದಕ್ಕೆ ಬಂದಿತು. ಆಲಯವು ಮತ್ತೆ ಸಭೆಯ ಕಡೆಗೆ ವಾಲಿತೆಂದು ಇದನ್ನು ಹೇಳಬಹುದು. ಹಳೆಯ ಇಗರ್ಜಿಗಳಲ್ಲಿ ಹಿಂಗೋಡೆಗೆ ಅಂಟಿದ ಹಳೆಯ ಪೀಠವೂ ಅದರ ಮುಂದೆ ಹೊಸ ಪೀಠವೂ ಒಟ್ಟಿಗೆ ಕಾಣುವುದುಂಟು. ಅದನ್ನು ಶಿಲ್ಪದ ಅಸಾಂಗತ್ಯವೆಂದು ದೂರುವವರಿದ್ದಾರೆ; ಎರಡು ಸಿದ್ಧಾಂತಗಳು ಒಂದೇ ಸೂರಿನಡಿ ನಿಂತಿರುವುದೆಂದು ತಿಳಿಯುವುದು ಹೆಚ್ಚು ನ್ಯಾಯವಾದೀತು.

ಬಳ್ಳಾರಿಯು ೧೮೦೦ರಲ್ಲಿ ನಿಜಾಮನಿಂದ ಕುಂಪಣಿಯ ಕೈಸೇರಿದ ದತ್ತಮಂಡಲದ ಊರು. ಕೋಟೆಯ ಗುಡ್ಡದ ಕೆಳಗೆ ದಂಡು ನೆಲೆಸಿ ಪಟ್ಟಣ ಬೆಳೆಯಿತು. ಇಂತಹ ದಂಡಿನ ಊರುಗಳಲ್ಲಿ ಕ್ಯಾಥೊಲಿಕರಾದ ಐರಿಷ್ ಸೈನಿಕರೂ, ದಂಡನ್ನು ಅನುಸರಿಸಿ ಬಂದ ದೇಶೀಯ ಕ್ರೈಸ್ತರೂ ಇರುತ್ತಿದ್ದರು. ಇತ್ತ ೧೮೧೦ರಿಂದ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬೈಬಲಿನ ಕನ್ನಡ ಭಾಷಾಂತರದಲ್ಲಿ ತೊಡಗಿದ್ದರು. ಪ್ರಾಟೆಸ್ಟಂಟರ ಕನ್ನಡ ಬೈಬಲಿನಲ್ಲಿ ಎಕ್ಕ್ಲೇಸಿಯಾ ಶಬ್ದಕ್ಕೆ ‘ಸಭೆ’ ಎಂಬ ಮಾತೇ ನೆಲೆಗೊಂಡಿತು. ಗ್ರಂಥವನ್ನು ಮುಂದಿಟ್ಟುಕೊಂಡವರಿಗೆ ಸಭೆಯೆಂಬ ಅರ್ಥವೇ ಮುಖ್ಯವೆನಿಸಿದುದು ಸಹಜ. ಕ್ಯಾಥೊಲಿಕರಿಗೆ ಎರಡೂ ಬೇಕಾಗಿದ್ದುವು.

೧೯೪೯ರಲ್ಲಿ ಬಳ್ಳಾರಿಯು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಬಳ್ಳಾರಿ ಜಿಲ್ಲೆಯು ಮದರಾಸಿನಿಂದ ಬೇರೆಯಾಗಿ ಮೈಸೂರು ಸಂಸ್ಥಾನಕ್ಕೆ ಸೇರಿದುದು ಅದಕ್ಕೆ ನಾಲ್ಕು ವರ್ಷಗಳ ಮೇಲೆ, ೧೯೫೩ರಲ್ಲಿ. ದಂಡಿನ ಭಾಗದಲ್ಲಿರುವ ಸಂತ ಅಂತೋಣಿಯವರ ದೇವಾಲಯವು ಆ ಪ್ರಾಂತ್ಯದ ಪ್ರಧಾನಾಲಯ. ಯುರೋಪಿನ ಭಾಷೆಗಳಲ್ಲಿ ಇದಕ್ಕೆ ‘ಕೆಥೀಡ್ರಲ್’ ಎಂದು ಹೆಸರು; ದೊಡ್ಡ ಇಗರ್ಜಿಗೆಲ್ಲ ಈ ಹೆಸರೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಅದು ಗಾತ್ರದಿಂದ ಬರುವ ಹೆಸರಲ್ಲ. ‘ಕಥೇದ್ರ’ ಎಂದರೆ ಪೀಠ. ಉಪದೇಶಿಸತಕ್ಕ ಧರ್ಮಾಧ್ಯಕ್ಷನ ಆಸನವು ಯಾವ ಮಂದಿರದಲ್ಲಿದೆಯೋ, ಅದು ಎಷ್ಟು ಸಣ್ಣದಾದರೂ, ಅದೇ ಕೆಥೀಡ್ರಲ್. ಮಠದ ದೊಡ್ಡತನವು ಕಟ್ಟಡದಿಂದ ಬರದೆ ಗುರುಪೀಠದಿಂದ ಬರುವುದೆಂಬುದನ್ನು ಬಲ್ಲ ಬಳ್ಳಾರಿ ಸೀಮೆಯ ಜನರಿಗೆ ಇದು ಹೊಸ ಮಾತಲ್ಲ. ಸೈನಿಕರು ಹೋದರು, ಮದರಾಸು ಸರ್ಕಾರವು ಹೋಯಿತು, ಕನ್ನಡ, ತೆಲುಗು, ತಮಿಳುಗಳನ್ನಾಡುವ ಬೇರೆ ಜನರು ಆ ದೇವಾಲಯದ ಧರ್ಮಸಭೆಯಾದರು. ಇಲ್ಲಿ ಗೋಡೆಗಳು ನಿಂತು ಸಭೆಯು ಬದಲಾಯಿತು.

ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ವಿಷಯ ಪ್ರಸಿದ್ಧವಾದುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅದಕ್ಕೆ ಶಂಕುಸ್ಥಾಪನೆಯನ್ನು ಮಾಡಿದರು. ಅದರ ಜೋಡಿಗೋಪುರಗಳು ೧೭೫ ಅಡಿ ಎತ್ತರ. ಆದರೆ ಅಲ್ಲಿ ನೋಡತಕ್ಕದ್ದು ಗೋಪುರಗಳಿಗಿಂತ ನೆಲಮಾಳಿಗೆ. ಸಂತಳ ಪ್ರತಿಮೆಯೂ ಅಸ್ಥಿಶೇಷವೂ ಅಲ್ಲಿವೆ. ಬಲಿಪೀಠವು ಸಮಾಧಿಯ ಮೇಲೆ ಏಳಬೇಕೆಂಬ ಮೂಲಭಾವನೆಯು ನೇರವಾಗಿ ಕಣ್ಣಿಗೆ ಬೀಳುವ ಎಡೆ ಅದು.

ಇನ್ನು ವಿಪರೀತಸ್ಥಿತಿಯನ್ನು ನೋಡಬೇಕು: ಗೋಡೆಗಳು ನಿಂತಿದ್ದು ಸಭೆಯೇ ಇಲ್ಲದಾದರೆ? ಕುರುಗೋಡಿನ ಗುಡ್ಡದ ಬುಡದಲ್ಲಿ ಕೆಲವು ಹಳೆಯ ಗುಡಿಗಳು ಹಾಳುಬಿದ್ದಿವೆ. ಊರಿನ ದೊಡ್ಡಬಸವೇಶ್ವರನ ಗುಡಿಯಲ್ಲಿಯಾದರೋ ಪೂಜೆಯೂ ವರ್ಷಂಪ್ರತಿ ತೇರೂ ನಡೆಯುತ್ತವೆ. ಅಲ್ಲಿ ಏಕಶಿಲೆಯ ಭಾರಿ ನಂದಿಯೇ ಮೂಲಮೂರ್ತಿ. ವಾಹನವು ಒಡೆಯನ ಸ್ಥಾನದಲ್ಲಿ ಕುಳಿತಿದೆ. ಗುಡಿಗಳಿಗೆ ದತ್ತಿ ಬಿಟ್ಟವರು ಅವು ಹಾಳಾಗುವುವೆಂಬುದನ್ನು ಅರಿಯದವರಲ್ಲ. ‘ಖಂಡಸ್ಫುಟಿತಜೀರ್ಣೋದ್ಧಾರ’ಕ್ಕೆಂದು ಶಾಸನಗಳಲ್ಲಿ ಅಂದೇ ಭೂಮಿಯನ್ನು ತೆಗೆದಿರಿಸುತ್ತಿದ್ದರು. ಆಗಮವಿಧಿಯಂತೆ ಜೀರ್ಣೋದ್ಧಾರಕ್ಕೆ ಮುಂಚೆ ಮೂರ್ತಿಯಲ್ಲಿರುವ ಕಲೆಯನ್ನು ಕುಂಭಕ್ಕೆ ಆಕರ್ಷಿಸಿ ಬಾಲಾಲಯದಲ್ಲಿಟ್ಟು, ಕೆಲಸ ಮುಗಿದ ಮೇಲೆ ಮರಳಿ ಪ್ರತಿಷ್ಠಿಸುವರು. ಸಾನ್ನಿಧ್ಯವು ಕಲ್ಲಿಗೆ ಬಂದಂತೆ ಕಲ್ಲನ್ನು ಬಿಟ್ಟುಹೋಗಲೂ ಬಲ್ಲುದು, ಬಿಟ್ಟುಹೋಗುವುದಕ್ಕೂ ವಿಧಿಯುಂಟು.

ಕ್ಯಾಥೊಲಿಕರ ಶಾಸ್ತ್ರವು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಿಡಿಸುತ್ತದೆ. ೧೯೧೭ರಲ್ಲಿ ಪ್ರಕಟವಾದ ಅವರ ನಿಯಮಸಂಹಿತೆಯಂತೆ ಒಂದು ಮಂದಿರವು ತನ್ನ ಪ್ರತಿಷ್ಠೆಯನ್ನಾಗಲಿ ಆಶೀರ್ವಾದವನ್ನಾಗಲಿ ಕಳೆದುಕೊಳ್ಳುವುದು ಮೂರೇ ಸಂದರ್ಭಗಳಲ್ಲಿ: ಪೂರ್ತಿಯಾಗಿ ನಾಶವಾದರೆ, ಗೋಡೆಗಳ ಬಹುಭಾಗ ಕುಸಿದುಬಿದ್ದರೆ, ಇಲ್ಲವೆ ಧರ್ಮಾಧ್ಯಕ್ಷನು ಅದನ್ನು ಲೌಕಿಕ ಬಳಕೆಗೆ ಬಿಟ್ಟುಕೊಟ್ಟರೆ. ಇಲ್ಲಿ ಛಾವಣಿಯ ಮಾತಿಲ್ಲ. ಜನರ ಮಾತೂ ಇಲ್ಲ. ಮೇಲುನೋಟಕ್ಕೆ ಇದು ಶುಷ್ಕವಾದ ನ್ಯಾಯಶಾಸ್ತ್ರವೆಂದು ತೋರಿದರೂ, ತೈಲವನ್ನು ಲೇಪಿಸಿದುದು ಗೋಡೆಗಳಿಗೆ ಎಂಬುದನ್ನು ನೆನೆದರೆ ಅದರ ಯುಕ್ತಿಯು ಸ್ಪಷ್ಟವಾಗುವುದು. ಬಲಿಪೀಠದ ಲೆಕ್ಕ ಬೇರೆ: ಅದರೊಳಗಿನ ಅಸ್ಥಿಶೇಷವನ್ನು ತೆಗೆದರೆ ಪೀಠವು ತನ್ನ ಪ್ರತಿಷ್ಠೆಯನ್ನು ತಾನೊಂದೇ ಕಳೆದುಕೊಳ್ಳುವುದು, ಮಂದಿರವು ಕಳೆದುಕೊಳ್ಳದು. ೧೯೮೩ರ ಸಂಹಿತೆಯಲ್ಲಿ ‘ಗೋಡೆಗಳ ಬಹುಭಾಗ’ ಎಂಬ ಮಾತು ಹೋಗಿ ‘ಬಹುಮಟ್ಟಿಗೆ ನಾಶವಾದರೆ’ ಎಂದಾಯಿತು. ಲೌಕಿಕ ಬಳಕೆಯು ಆಜ್ಞೆಯಿಂದಾಗಲಿ ವಾಸ್ತವವಾಗಿಯಾಗಲಿ ಶಾಶ್ವತವಾಗಿದ್ದರೆ ಎಂಬ ಮಾತೂ ಸೇರಿತು.

ಈ ನಿಯಮಗಳನ್ನು ಒರೆಗೆ ಹಚ್ಚುವಂತಹ ನಿದರ್ಶನವು ಹಾಸನದ ಸಮೀಪದ ಶೆಟ್ಟಿಹಳ್ಳಿಯಲ್ಲಿದೆ. ಫ್ರೆಂಚ್ ಮಿಷನರಿಗಳು ೧೮೬೦ರ ಸುಮಾರಿಗೆ ಅಲ್ಲಿ ಜಪಮಾಲೆ ಮಾತೆಯ ಹೆಸರಿನಲ್ಲಿ ಗಾಥಿಕ್ ಶೈಲಿಯ ದೇವಾಲಯವನ್ನು ಕಟ್ಟಿದರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ಣವಾಯಿತು. ಆ ಜಲಾಶಯದ ನಿಮಿತ್ತವಾಗಿ ಊರವರು ಮನೆಮಾರುಗಳನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ದೇವಾಲಯವನ್ನು ಒಯ್ಯುವಂತಿರಲಿಲ್ಲ. ಅಂದಿನಿಂದ ಮಳೆಗಾಲದಲ್ಲಿ ನೀರು ಏರಿದಾಗ ಅದು ಅರೆ ಮುಳುಗುವುದು; ಬೇಸಗೆಯಲ್ಲಿ ನೀರು ಇಳಿದಾಗ ಬಯಲಿನಲ್ಲಿ ನಿಲ್ಲುವುದು. ಛಾವಣಿಯು ಹೋಗಿದೆ, ಕಮಾನುಗಳೂ ಗೋಡೆಗಳೂ ಬಹುಕಾಲ ನಿಂತುವು. ಜನರು ದೂರದೂರುಗಳಿಂದ ಅದನ್ನು ನೋಡಲು ಬರುತ್ತಾರೆ, ತೆಪ್ಪದಲ್ಲಿ ಸುತ್ತುತ್ತಾರೆ, ಛಾಯಾಚಿತ್ರಗಳನ್ನು ತೆಗೆದುಕೊಳ್ಳುತ್ತಾರೆ. ವ್ಯುತ್ಪತ್ತಿಯನ್ನು ಹಿಡಿದು ಹೇಳುವುದಾದರೆ ಅಲ್ಲಿಯ ಇಗರ್ಜಿಯು ಬೇರೆ ಊರಿಗೆ ಹೋಯಿತು, ಚರ್ಚು ನೀರಿನಲ್ಲಿ ಉಳಿಯಿತು.

ಊರವರ ಪಾಲಿಗೆ ಇದು ವ್ಯುತ್ಪತ್ತಿಯ ಮಾತಾಗಿರಲಿಲ್ಲವೆಂಬುದನ್ನೂ ಹೇಳಬೇಕು. ನಾಮಕರಣ, ಮದುವೆ, ಮರಣಗಳೆಲ್ಲಕ್ಕೂ ಸಾಕ್ಷಿಯಾದ ಗೋಡೆಗಳನ್ನು ಬಿಟ್ಟುಹೋಗುವವರಿಗೆ, ಧರ್ಮಸಭೆಯೆಂದರೆ ನೀವೇ, ನೀವು ಹೋದಲ್ಲಿ ಅದೂ ಬರುವುದೆಂಬ ಉತ್ತರವು ಶಾಸ್ತ್ರಸಮ್ಮತವಾದರೂ ಸಾಕಾಗದು. ಶಾಸ್ತ್ರವೂ ಆ ಉತ್ತರವೊಂದನ್ನೇ ಕೊಟ್ಟು ಸುಮ್ಮನಾಗಿಲ್ಲ. ೧೯೧೭ರ ನಿಯಮದ ಪ್ರಕಾರ ನೋಡಿದರೆ, ಗೋಡೆಗಳ ಬಹುಭಾಗ ನಿಂತಿರುವ ವರೆಗೆ ಪೂಜೆಯಿಲ್ಲದಿದ್ದರೂ ಛಾವಣಿಯಿಲ್ಲದಿದ್ದರೂ ಅದು ದೇವಾಲಯವೇ. ಹೊಸ ನಿಯಮದಲ್ಲಿ ವಿಚಾರವು ಸೂಕ್ಷ್ಮವಾಗುವುದು. ನೋಡಬಂದವರ ಕುತೂಹಲವು ಲೌಕಿಕವಾದುದೇನೋ ನಿಜ. ಆದರೆ ನೋಡುವುದನ್ನು ಬಳಕೆಯೆನ್ನಲಾಗದು. ನೀರು ಅದನ್ನು ಆವರಿಸಿತೇ ಹೊರತು ಯಾವ ಲೌಕಿಕ ಕಾರ್ಯಕ್ಕೂ ಬಳಸಲಿಲ್ಲ. ಉಳಿಯುವುದು ನಾಶದ ಪ್ರಮಾಣವೊಂದೇ. ವರ್ಷಕ್ಕೊಮ್ಮೆ ನೆನೆದು ಒಣಗುವ ಆ ಗೋಡೆಗಳು ಸವೆಯುತ್ತ ಬಂದಿವೆ; ಖಂಡಸ್ಫುಟಿತಜೀರ್ಣೋದ್ಧಾರಕ್ಕೆ ಭೂಮಿಯನ್ನು ತೆಗೆದಿರಿಸಿದವರು ಅಲ್ಲಿ ಇಲ್ಲ, ತೆಗೆದಿರಿಸಬಹುದಾಗಿದ್ದ ಭೂಮಿಯೂ ನೀರಿನಡಿ ಇದೆ.